ಕೂಗದ ಹುಂಜ: ವಿದ್ಯಾರ್ಥಿ ಕಿರುಚಿತ್ರದ ಆರಂಭ ಮತ್ತು ಜನಪದ ಕಥನದ ಕುತೂಹಲತಂತ್ರ

ಜನಪದ ಕಥನ ಮತ್ತು ಚಲನಚಿತ್ರಗಳ ಸಂಬಂಧವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಯು ಬಹುಮಟ್ಟಿಗೆ ಪೂರ್ಣಪ್ರಮಾಣದ ಕಥಾಚಿತ್ರಗಳಿಗೆ ಸೀಮಿತವಾಗಿದೆ. ಚಂದ್ರಶೇಖರ ಕಂಬಾರರ ‘ಕಾಡುಕುದುರೆ’, ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿದ ಟಿ.ಎಸ್. ನಾಗಾಭರಣರ ‘ನಾಗಮಂಡಲ’ (1997) ಮುಂತಾದವು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತವೆ. ಕಲಿಕೆಯ ಅಂಗವಾಗಿ ರೂಪುಗೊಳ್ಳುವ ವಿದ್ಯಾರ್ಥಿ ಕಿರುಚಿತ್ರವು ಜಾನಪದ ಅಧ್ಯಯನದ ಕಣ್ಣಿಗೆ ಬಿದ್ದದ್ದು ಕಡಿಮೆ. ಆದರೆ ಕೇಳುಗರನ್ನು ಮೊದಲ ಮಾತಿನಲ್ಲಿಯೇ ಕಟ್ಟಿಹಾಕಬೇಕಾದ ಒತ್ತಡದಲ್ಲಿ, ಕೈಯಲ್ಲಿರುವ ಅಲ್ಪ ಸಾಮಗ್ರಿಯಿಂದಲೇ ಲೋಕವೊಂದನ್ನು ಕಟ್ಟಬೇಕಾದ ಅನಿವಾರ್ಯದಲ್ಲಿ ಇಂಥ ಕಿರುಚಿತ್ರವು ದೊಡ್ಡ ಚಿತ್ರಕ್ಕಿಂತ ಅಜ್ಜಿಕಥೆಗೇ ಹೆಚ್ಚು ಹತ್ತಿರವಾದುದು. ಅದರಲ್ಲಿಯೂ ಭಯ, ಅಪರಾಧ, ಕುತೂಹಲಗಳನ್ನು ವಸ್ತುವಾಗಿಸಿಕೊಂಡ ಥ್ರಿಲ್ಲರ್ ಬಗೆಯ ಕಿರುಚಿತ್ರದ ಆರಂಭವನ್ನು ಯೋಜಿಸುವ ಕ್ರಮಕ್ಕೂ ಮೌಖಿಕ ಕಥನಕಾರರು ಕಥೆಯನ್ನು ಎತ್ತಿಕೊಳ್ಳುವ ಕ್ರಮಕ್ಕೂ ಇರುವ ಸಾಮ್ಯ ಮತ್ತು ಅಂತರಗಳು ಪರಿಶೀಲನಾರ್ಹವಾಗಿವೆ.

ಈ ಪರಿಶೀಲನೆಗೆ ಒದಗಿಬರುವ ಸಮರ್ಥ ನಿದರ್ಶನವೆಂದರೆ ಚಿದಾನಂದ ಎಸ್. ನಾಯ್ಕ ಅವರು ನಿರ್ದೇಶಿಸಿದ ಹದಿನಾರು ನಿಮಿಷಗಳ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ...’. ಸೂರ್ಯಕಾಂತಿಗಳಿಗೇ ಮೊದಲು ತಿಳಿದದ್ದು ಎಂಬುದು ಈ ಇಂಗ್ಲಿಷ್ ಶೀರ್ಷಿಕೆಯ ಭಾವ. 2024ರ ಮೇ ತಿಂಗಳಿನಲ್ಲಿ ನಡೆದ 77ನೆಯ ಕಾನ್ ಚಲನಚಿತ್ರೋತ್ಸವದಲ್ಲಿ, ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗೆ ಮೀಸಲಾದ ‘ಲಾ ಸಿನೆಫ್’ ವಿಭಾಗದ ಪ್ರಥಮ ಬಹುಮಾನ ಇದಕ್ಕೆ ದೊರೆಯಿತು. ಆ ವರ್ಷ 555 ಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ ಸ್ಪರ್ಧೆಗೆ ಆಯ್ಕೆಯಾದವು 18 ಮಾತ್ರ. ಅನಂತರ ಚಿತ್ರವು 97ನೆಯ ಆಸ್ಕರ್ ಪ್ರಶಸ್ತಿಯ ಕಿರುಚಿತ್ರ ವಿಭಾಗದಲ್ಲಿ ಪರಿಗಣನೆಗೆ ಅರ್ಹತೆಯನ್ನೂ ಪಡೆಯಿತು. ಪುಣೆಯ ಭಾರತೀಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ವಿದ್ಯಾರ್ಥಿಯೊಬ್ಬರಿಗೆ ಈ ಬಹುಮಾನ ಸಂದದ್ದು ಇದೇ ಮೊದಲೇನಲ್ಲ. 2020ರಲ್ಲಿ ಅಶ್ಮಿತಾ ಗುಹ ನಿಯೋಗಿ ಅವರ ‘ಕ್ಯಾಟ್‌ಡಾಗ್’ ಚಿತ್ರಕ್ಕೂ ಸಂದಿತ್ತು. ಆದರೆ ನಾಯ್ಕ ಅವರ ಚಿತ್ರ ಸಿದ್ಧವಾದದ್ದು ಅಲ್ಲಿನ ಒಂದು ವರ್ಷದ ದೂರದರ್ಶನ ವಿಭಾಗದಲ್ಲಿ. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಎಂಬ ನಾಲ್ಕು ಶಾಖೆಗಳಿಂದ ಒಬ್ಬೊಬ್ಬ ವಿದ್ಯಾರ್ಥಿ ಸೇರಿ ವರ್ಷಾಂತ್ಯದಲ್ಲಿ ಮಾಡಬೇಕಾದ ಅಭ್ಯಾಸ ಅದು. ಸೂರಜ್ ಠಾಕೂರ್ ಛಾಯಾಗ್ರಹಣವನ್ನೂ, ಮನೋಜ್ ವಿ. ಸಂಕಲನವನ್ನೂ, ಅಭಿಷೇಕ್ ಕದಮ್ ಧ್ವನಿಯನ್ನೂ ನಿರ್ವಹಿಸಿದರು. ಮೈಸೂರಿನವರಾದ ನಾಯ್ಕ ಅವರು ಮೂಲತಃ ವೈದ್ಯಕೀಯ ಪದವೀಧರರು. ಚಿತ್ರ ಮಾಡಲು ದೊರೆತದ್ದು ನಾಲ್ಕು ದಿನ ಮಾತ್ರವೆಂದೂ, ಈ ಕಥೆಯನ್ನು ಚಿತ್ರವಾಗಿಸಬೇಡವೆಂಬ ಸಲಹೆಯೂ ಬಂದಿತ್ತೆಂದೂ, ಬಾಲ್ಯದಿಂದ ಮನಸ್ಸಿನಲ್ಲಿದ್ದ ಕರ್ನಾಟಕದ ಜನಪದ ಕಥೆ ಇದೆಂದೂ ಅವರು ಹೇಳಿಕೊಂಡಿದ್ದಾರೆ.

ಚಿತ್ರದ ಕಥಾಸಾರ ಸರಳವಾದುದು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ. ಆ ಬಳಿಕ ಸೂರ್ಯ ಹುಟ್ಟುವುದಿಲ್ಲ. ಕತ್ತಲಲ್ಲಿ ಕಂಗೆಟ್ಟ ಊರು ಹುಂಜವನ್ನು ಮರಳಿ ಪಡೆಯಲು ಭವಿಷ್ಯವಾಣಿಯೊಂದರ ಮೊರೆಹೋಗುತ್ತದೆ. ಮುದುಕಿಯ ಕುಟುಂಬ ಊರು ಬಿಡಬೇಕಾಗುತ್ತದೆ. ಇದನ್ನು ಥ್ರಿಲ್ಲರ್ ಎಂದು ಕರೆಯಲು ವಿತರಕರು ಒಪ್ಪಲಾರರು. ಇದರಲ್ಲಿ ಕೊಲೆಯಿಲ್ಲ, ಪತ್ತೇದಾರನಿಲ್ಲ. ಆದರೆ ಆರಂಭದ ದೃಷ್ಟಿಯಿಂದ ನೋಡಿದರೆ ಥ್ರಿಲ್ಲರಿಗೆ ಬೇಕಾದ ಎಲ್ಲ ಅಂಗಗಳೂ ಇಲ್ಲಿವೆ. ಕದ್ದ ಕೈ ಯಾರದೆಂದು ನೋಡುಗರಿಗೆ ಗೊತ್ತು. ಕಳೆದುಕೊಂಡದ್ದರ ಬೆಲೆ ಎಷ್ಟೆಂದು ಕದ್ದವಳಿಗೂ ಗೊತ್ತಿಲ್ಲ.

ಈ ಚಿತ್ರ ಸೇರುವ ಕಥಾವರ್ಗವು ಕನ್ನಡ ನಾಡಿನಲ್ಲಿ ಚಿರಪರಿಚಿತವಾದುದು. ಊರಿನಲ್ಲಿ ಒಬ್ಬಳು ಮುದುಕಿ. ಅವಳ ಬಳಿ ಒಂದು ಹುಂಜ, ಒಂದು ಅಗ್ಗಿಷ್ಟಿಕೆ. ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ, ತನ್ನ ಅಗ್ಗಿಷ್ಟಿಕೆಯ ಕೆಂಡದಿಂದಲೇ ಊರಿನ ಒಲೆಗಳು ಹೊತ್ತುತ್ತವೆ ಎಂಬುದು ಅವಳ ನಂಬಿಕೆ. ಊರವರ ಮೇಲೆ ಮುನಿದು ಎರಡನ್ನೂ ಎತ್ತಿಕೊಂಡು ಕಾಡಿಗೆ ಹೋಗಿ ಕೂರುತ್ತಾಳೆ. ದಾರಿಹೋಕನೊಬ್ಬನನ್ನು ಕಂಡು, ಊರಿನಲ್ಲಿ ಬೆಳಗಾಯಿತೇ ಎಂದು ಕೇಳುತ್ತಾಳೆ. ಅವನು ನಗುತ್ತಾನೆ, ಕೇಳುವ ಮಕ್ಕಳೂ ನಗುತ್ತಾರೆ. ಜಂಬದವರನ್ನು ಕಂಡಾಗ ನಿನ್ನ ಕೋಳಿ ಕೂಗದಿದ್ದರೆ ಬೆಳಗಾಗದೇನು ಎಂದು ಆಡುವ ಮಾತಿನ ಹಿಂದೆ ಇರುವುದು ಈ ಕಥೆಯೇ. ಸ್ಟಿತ್ ಥಾಂಪ್ಸನ್ ಅವರ ಆಶಯಸೂಚಿಯಲ್ಲಿ ಇದರ ಸಮೀಪದ ಎರಡು ಆಶಯಗಳಿವೆ. ಪ್ರಾಣಿಯು ಬೆಳಗನ್ನು ಕರೆಯುತ್ತದೆ, ಅದರ ಕೂಗಿನಿಂದಲೇ ಸೂರ್ಯ ಮೂಡುತ್ತಾನೆ ಎಂಬುದು ಬಿ 755; ತನ್ನ ಕೂಗಿನಿಂದಲೇ ಸೂರ್ಯ ಹುಟ್ಟುತ್ತಾನೆಂದು ಹುಂಜ ತಿಳಿದುಕೊಂಡಿದೆ ಎಂಬುದು ಜೆ 2272.1. ಮೊದಲನೆಯದು ಪ್ರಾಣಿಗಳನ್ನು ಕುರಿತ ವಿಭಾಗಕ್ಕೆ ಸೇರಿದ್ದು, ಅಲ್ಲಿ ಕೂಗಿನ ಶಕ್ತಿ ನಿಜ. ಎರಡನೆಯದು ಜಾಣರು-ದಡ್ಡರ ವಿಭಾಗಕ್ಕೆ ಸೇರಿದ್ದು, ಅಲ್ಲಿ ಆ ಶಕ್ತಿ ಭ್ರಮೆ. ಫ್ರೆಂಚ್ ನಾಟಕಕಾರ ಎಡ್ಮಂಡ್ ರೋಸ್ತಾನ 1910ರಲ್ಲಿ ರಂಗಕ್ಕೆ ತಂದ ‘ಶಾಂತೆಕ್ಲೇರ್’ ನಾಟಕದ ಹುಂಜವೂ ಇದೇ ಭ್ರಮೆಯಲ್ಲಿ ಬದುಕುತ್ತದೆ.

ಕನ್ನಡದ ಮುದುಕಿಯ ಕಥೆಯ ಸ್ಥಾನ ಜೆ ವಿಭಾಗದಲ್ಲಿ. ನಾಯ್ಕ ಅವರ ಚಿತ್ರ ಅದನ್ನು ಬಿ ವಿಭಾಗಕ್ಕೆ ತಂದು ನಿಲ್ಲಿಸಿದೆ. ಮೂಲದಲ್ಲಿ ಸೂರ್ಯ ಹುಟ್ಟುತ್ತಾನೆ; ಚಿತ್ರದಲ್ಲಿ ಹುಟ್ಟುವುದಿಲ್ಲ. ಉಳಿದ ಬದಲಾವಣೆಗಳೆಲ್ಲ ಈ ಒಂದು ಬದಲಾವಣೆಯ ಬೆನ್ನಿಗೆ ಬಂದವು. ಮುದುಕಿಯ ಸ್ವಂತ ಹುಂಜ ಊರಿನ ಹುಂಜವಾಗಿದೆ. ಆದ್ದರಿಂದ ಮುನಿಸು ಕಳವಾಗಿದೆ. ತಾನಾಗಿಯೇ ಕಾಡಿಗೆ ಹೋಗುತ್ತಿದ್ದವಳ ಬದಲಿಗೆ ಊರಿನಿಂದ ಹೊರಹಾಕಲ್ಪಡುವ ಕುಟುಂಬವಿದೆ. ನಗೆಗೆಂದು ಹುಟ್ಟಿದ ಕಥೆಯೊಂದು ಭಯದ ಕಥೆಯಾಗಲು ಬೇಕಾದದ್ದು ಹೊಸ ಪಾತ್ರಗಳಲ್ಲ, ರಕ್ತವಲ್ಲ. ಲೋಕದ ನಿಯಮವೊಂದರ ಪಲ್ಲಟ. ಈ ಪಲ್ಲಟವನ್ನು ಯಾವ ಕೋನದಿಂದ ತೋರಿಸಬೇಕೆಂಬುದು ಆನಂತರದ ಮಾತು. ವಿದ್ಯಾರ್ಥಿಗಳ ಥ್ರಿಲ್ಲರ್ ಪ್ರಯತ್ನಗಳಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗಾಗಿ ನಡೆಯುತ್ತದೆ. ಖಾಲಿ ಓಣಿ, ನೆಲಕ್ಕೆ ಸಮೀಪದಿಂದ ತೆಗೆದ ಬೂಟುಗಾಲು, ಮಿನುಗುವ ಟ್ಯೂಬ್‌ಲೈಟು, ಎತ್ತಲು ಯಾರೂ ಇಲ್ಲದೆ ಬಡಿದುಕೊಳ್ಳುವ ಫೋನು - ಇವುಗಳ ಚಿತ್ರಗಳನ್ನು ಮೊದಲು ಬರೆದಿಟ್ಟುಕೊಂಡು ಅವುಗಳಿಗೊಂದು ಕಥೆಯನ್ನು ಹೊಂದಿಸಲಾಗುತ್ತದೆ. ಅಂಥ ಆರಂಭದಲ್ಲಿ ಭಯದ ವೇಷವಿರುತ್ತದೆ, ಭಯಕ್ಕೆ ಕಾರಣವಿರುವುದಿಲ್ಲ.

ಆಲ್ಫ್ರೆಡ್ ಹಿಚ್‌ಕಾಕ್ ಅವರು ಫ್ರಾಂಸ್ವಾ ಟ್ರೂಫೊ ಅವರೊಂದಿಗೆ 1962ರಲ್ಲಿ ನಡೆಸಿದ, 1966ರಲ್ಲಿ ಪುಸ್ತಕರೂಪದಲ್ಲಿ ಬಂದ ಸಂವಾದದಲ್ಲಿ ಬೆರಗು ಮತ್ತು ಕಾತರಗಳ ನಡುವಣ ಭೇದವನ್ನು ಮೇಜಿನ ಕೆಳಗಣ ಬಾಂಬಿನ ದೃಷ್ಟಾಂತದಿಂದ ವಿವರಿಸಿದ್ದು ಸುಪ್ರಸಿದ್ಧ. ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ನೋಡುಗರಿಗೆ ಕೆಲವು ಕ್ಷಣಗಳ ಬೆರಗು. ಅದು ಅಲ್ಲಿದೆಯೆಂದು ಮೊದಲೇ ತಿಳಿದಿದ್ದರೆ, ಮೇಜಿನ ಸುತ್ತ ಕುಳಿತವರ ಸಪ್ಪೆ ಮಾತುಕತೆಯೂ ಕಾತರದಿಂದ ತುಂಬಿಕೊಳ್ಳುತ್ತದೆ. ಯಾರಿಗೆ ಏನು ಯಾವಾಗ ತಿಳಿದಿದೆ ಎಂಬ ಹಂಚಿಕೆಯೇ ಕುತೂಹಲದ ಮೂಲದ್ರವ್ಯವೆಂಬುದು ಇದರ ತಾತ್ಪರ್ಯ. ಮೌಖಿಕ ಕಥನಕ್ಕೆ ಇದು ಹೊಸ ಸಂಗತಿಯಲ್ಲ. ಕಥೆಯನ್ನು ಹತ್ತು ಸಲ ಕೇಳಿದ ಮಗುವಿನ ಮುಂದೆಯೇ ಹನ್ನೊಂದನೆಯ ಸಲ ಹೇಳಬೇಕಾದ ಕಥನಕಾರರಿಗೆ ಬೆರಗು ಉಪಯೋಗಕ್ಕೆ ಬರುವುದಿಲ್ಲ. ಮುಂದಾಗುವುದು ಮಗುವಿಗೆ ಗೊತ್ತು, ಕಥೆಯೊಳಗಿನವರಿಗೆ ಗೊತ್ತಿಲ್ಲ. ಹೂಂಗುಟ್ಟುವ ದನಿ ಬಿಗಿಯಾಗುವುದು ಈ ಅಂತರದಿಂದಲೇ.

ಈ ದೃಷ್ಟಿಯಿಂದ ಚಿತ್ರದ ಶೀರ್ಷಿಕೆಯೇ ಅದರ ಮೊದಲ ದೃಶ್ಯವೆನ್ನಬೇಕು. ಸೂರ್ಯಕಾಂತಿಗಳಿಗೆ ಮೊದಲು ತಿಳಿಯಿತು ಎಂದೊಡನೆ ತಿಳಿವಳಿಕೆಯ ಒಂದು ಸರದಿ ಏರ್ಪಡುತ್ತದೆ. ಏನು ತಿಳಿಯಿತೆಂದು ಹೇಳಿಲ್ಲ. ಆದರೆ ತಿಳಿಯಬಾರದ್ದೇನೋ ಇದೆಯೆಂಬುದು ಸೂಚಿತವಾಗಿದೆ, ಮನುಷ್ಯರು ಆ ಸರದಿಯಲ್ಲಿ ಹಿಂದಿದ್ದಾರೆಂಬುದೂ ಸೂಚಿತವಾಗಿದೆ. ಶೀರ್ಷಿಕೆಯ ಕೊನೆಯಲ್ಲಿರುವ ಮೂರು ಚುಕ್ಕಿಗಳು ವಾಕ್ಯವನ್ನು ಮುಗಿಯಗೊಡುವುದಿಲ್ಲ. ಒಂದು ರೂಪಾಯಿಯೂ ಖರ್ಚಿಲ್ಲದೆ, ಒಂದು ದೀಪವನ್ನೂ ಹೊತ್ತಿಸದೆ ಸಾಧಿಸಿದ ಕಾತರ ಇದು. ಸೂರ್ಯಕಾಂತಿಯು ಈ ಕಥಾವರ್ಗದ ಹಳೆಯ ಆಶಯವಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಎಣ್ಣೆಬೀಜದ ಬೆಳೆಯಾಗಿ ಅದು ನಮ್ಮ ಹೊಲಗಳಿಗೆ ಇಳಿದದ್ದು 1970ರ ದಶಕದಲ್ಲಿ. ಅಗ್ಗಿಷ್ಟಿಕೆಯ ಮುದುಕಿ ಅದಕ್ಕಿಂತ ಬಹಳ ಹಿರಿಯಳು. ಮೂಲಕಥೆಯ ಅಗ್ಗಿಷ್ಟಿಕೆ ಹಿಂದೆ ಸರಿದು, ಸೂರ್ಯನ ಕಡೆಗೆ ಮುಖ ಮಾಡುವ ಹೊಸ ಬೆಳೆಯೊಂದು ಸಾಕ್ಷಿಯ ಸ್ಥಾನದಲ್ಲಿ ಬಂದು ನಿಂತಿದೆ. ಪಾಠಾಂತರಗಳನ್ನು ಅಭ್ಯಸಿಸುವವರಿಗೆ ಇದು ವಿಕೃತಿಯಾಗಿ ಕಾಣಬೇಕಿಲ್ಲ. ಹೇಳುವವರ ಸುತ್ತಲಿನ ಹೊಲದಲ್ಲಿ ಬೆಳೆದದ್ದು ಕಥೆಯೊಳಗೂ ಬೆಳೆಯುವುದು ಮೌಖಿಕ ಪರಂಪರೆಯ ಸಹಜ ನಡೆ.

ಇನ್ನು ಸ್ಟೋರಿಬೋರ್ಡಿನ ವಿಷಯ. ಚಿತ್ರೀಕರಣಕ್ಕೆ ಮೊದಲು ಪ್ರತಿಯೊಂದು ಶಾಟನ್ನೂ ಚೌಕಟ್ಟಿನೊಳಗೆ ಬರೆದು ಸಾಲಾಗಿ ಜೋಡಿಸಿ ನೋಡುವ ಈ ಪದ್ಧತಿ 1930ರ ದಶಕದಲ್ಲಿ ವಾಲ್ಟ್ ಡಿಸ್ನಿ ಸ್ಟುಡಿಯೋದಲ್ಲಿ, ಹಾಳೆಗಳನ್ನು ಹಲಗೆಗೆ ಚುಚ್ಚಿ ನಿಲ್ಲಿಸುವ ರೂಪದಲ್ಲಿ ನೆಲೆಗೊಂಡಿತು. ಭಾರತದಲ್ಲಿ ಇದರ ಗಣ್ಯ ನಿದರ್ಶನ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955). ಅದಕ್ಕೆ ಪೂರ್ಣ ಲಿಖಿತ ಚಿತ್ರಕಥೆ ಇರಲಿಲ್ಲ, ಅವರ ರೇಖಾಚಿತ್ರಗಳೂ ಟಿಪ್ಪಣಿಗಳೂ ಆ ಕೆಲಸವನ್ನು ನಿರ್ವಹಿಸಿದವು. ಕನ್ನಡ ಚಿತ್ರರಂಗದಲ್ಲಿ ‘ಚಿತ್ರಕಥೆ’ ಎಂಬ ಮಾತು ಬರವಣಿಗೆಗೆ ಮೀಸಲಾಗಿಬಿಟ್ಟಿದೆ. ಅದರ ಅಕ್ಷರಾರ್ಥವನ್ನು ಹಿಡಿದರೆ ಚಿತ್ರಗಳ ಸಾಲಿನಲ್ಲಿ ಕಥೆ ಹೇಳುವ ಪದ್ಧತಿ ಈ ನಾಡಿಗೆ ಹೊಸದಲ್ಲ. ವೀರಗಲ್ಲುಗಳನ್ನು ನೋಡಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಬಹಳ ಕಡೆ ತುರುಗೊಳ್, ಎಂದರೆ ದನಗಳ ಅಪಹಾರ. ಅದರ ಮೇಲೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ. ಎಲ್ಲಕ್ಕೂ ಮೇಲೆ ದೇವಸಾನ್ನಿಧ್ಯ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಈ ಶಿಲೆಯಲ್ಲಿ ಕಥೆ ಆರಂಭವಾಗುವುದು ಕಳವಿನಿಂದ, ಅದಕ್ಕೆದುರಾಗಿ ನಿಂತವನ ಸಾವಿನಿಂದ. ಕಲ್ಲಿನ ಜಾತಿಯನ್ನು ಗುರುತಿಸಿದ ಕೂಡಲೇ ನೋಡುಗರಿಗೆ ಅಂತ್ಯ ತಿಳಿದುಹೋಗುತ್ತದೆ. ಆದರೂ ಕಣ್ಣು ಕೆಳಗಿನ ಪಟ್ಟಿಕೆಯನ್ನು ಬಿಟ್ಟು ಬೇಗ ಮೇಲೇರುವುದಿಲ್ಲ. ಶಿಲ್ಪಿ ತನ್ನ ಉಳಿಯನ್ನು ಹೆಚ್ಚು ದುಡಿಸಿರುವುದೂ ಸಾಮಾನ್ಯವಾಗಿ ಅಲ್ಲಿಯೇ. ಕರ್ನಾಟಕದ ತೊಗಲುಗೊಂಬೆಗಳಲ್ಲಿಯೂ ಹಲವು ಪಾತ್ರಗಳನ್ನು ಒಂದೇ ತೊಗಲಿನಲ್ಲಿ ಕತ್ತರಿಸಿ ಒಂದು ಸನ್ನಿವೇಶವನ್ನೇ ನಿಲ್ಲಿಸುವ ದೊಡ್ಡ ಗೊಂಬೆಗಳಿವೆ. ಅಲ್ಲಿ ಗೊಂಬೆ ಚಲಿಸುವುದಿಲ್ಲ, ಮಾತು ಚಲಿಸುತ್ತದೆ. ಶಾಟು ಎಷ್ಟು ಹೊತ್ತು ನಿಲ್ಲಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಪಳಗಿದ ಉತ್ತರ ಸಿಗುವುದು ಕಷ್ಟ.

ಕತ್ತಲೆಯ ಕಥೆಗೆ ಸ್ಟೋರಿಬೋರ್ಡು ಬರೆಯುವವರು ಎದುರಿಸುವ ಒಂದು ವಿಶೇಷ ತೊಡಕನ್ನು ತೊಗಲುಗೊಂಬೆಯೇ ಬಿಡಿಸಿಕೊಡುತ್ತದೆ. ಬಿಳಿಯ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆಯುವಾಗ ಬೆಳಕು ಮೊದಲೇ ಎಲ್ಲೆಡೆ ಇರುತ್ತದೆ. ಕತ್ತಲೆಯನ್ನು ಗೀಚಿ ತುಂಬಬೇಕಾಗುತ್ತದೆ. ರಾತ್ರಿಯ ಚಿತ್ರೀಕರಣದಲ್ಲಿ ಕ್ರಮ ಇದಕ್ಕೆ ವಿರುದ್ಧವಾದುದು: ಕತ್ತಲೆ ಮೊದಲೇ ಇರುತ್ತದೆ, ಬೆಳಕನ್ನು ತರಬೇಕಾಗುತ್ತದೆ. ಗೊಂಬೆಯಾಟದವರು ತೊಗಲಿನಲ್ಲಿ ತೂತು ಕೊರೆಯುವುದು ಬೆಳಕು ಎಲ್ಲಿಂದ ನುಸುಳಬೇಕೆಂಬ ಲೆಕ್ಕದ ಮೇಲೆ. ಕಪ್ಪು ಕಾಗದದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದ ಸ್ಟೋರಿಬೋರ್ಡು ಈ ಲೆಕ್ಕವನ್ನು ಕಲಿಸಬಲ್ಲದು. ಪ್ರತಿ ಚೌಕಟ್ಟಿನಲ್ಲಿಯೂ ದೀಪ ಎಲ್ಲಿದೆ, ಯಾರ ಕೈಯಲ್ಲಿದೆ, ಅದು ಯಾರ ಮುಖವನ್ನು ಬಿಟ್ಟುಕೊಡುತ್ತದೆ ಎಂಬುದು ಆಗ ಮೊದಲೇ ನಿಶ್ಚಯವಾಗುತ್ತದೆ. ಸೂರ್ಯನೇ ಹುಟ್ಟದ ಲೋಕವನ್ನು ಆರಿಸಿಕೊಂಡದ್ದರಿಂದ ನಾಯ್ಕ ಅವರ ತಂಡಕ್ಕೆ ಇನ್ನೊಂದು ಅನುಕೂಲವೂ ಒದಗಿತೆನ್ನಬಹುದು. ಬೆಳಗು, ಮಧ್ಯಾಹ್ನ, ಸಂಜೆಗಳ ಬೆಳಕನ್ನು ಒಂದಕ್ಕೊಂದು ಹೊಂದಿಸುವ ಗೋಜು ಇಂಥ ಕಥೆಯಲ್ಲಿ ಇಲ್ಲ. ಇರುವ ನಾಲ್ಕು ದಿನಗಳಿಗೂ ಕಥೆಗೂ ಒಂದೇ ಹೊತ್ತು. ಸಾಮಗ್ರಿಯ ಕೊರತೆಯನ್ನು ಕಥೆಯ ನಿಯಮವಾಗಿಸಿಕೊಳ್ಳುವ ಈ ಜಾಣ್ಮೆ ಜನಪದರದೇ. ಒಂದು ಕಂಬಳಿ ಹಾಸಿದರೆ ಅರಮನೆ, ಅದನ್ನೇ ಮಡಿಸಿ ಹೆಗಲಿಗೇರಿಸಿದರೆ ಕಾಡು ಎಂಬ ಬಯಲಾಟದ ಒಪ್ಪಂದ ಇಲ್ಲಿ ಬೇರೆ ರೂಪದಲ್ಲಿ ಕೆಲಸ ಮಾಡಿದೆ.

ಸ್ಟೋರಿಬೋರ್ಡಿನ ಮಿತಿ ಬೇರೊಂದು ಕಡೆ ಇದೆ. ಈ ಕಥೆಯ ಕೇಂದ್ರಘಟನೆ ಒಂದು ಧ್ವನಿಯ ಗೈರುಹಾಜರಿ. ಹುಂಜ ಕೂಗಬೇಕಾದ ಹೊತ್ತಿನಲ್ಲಿ ಕೂಗಲಿಲ್ಲ. ಇದನ್ನು ಯಾವ ಚೌಕಟ್ಟಿನಲ್ಲಿ ಬರೆಯುವುದು? ಕೂಗಿನ ಅಭಾವ ಕಿವಿಗೆ ಬೀಳಬೇಕಾದರೆ ಮೊದಲು ಕೂಗಿನ ನಿರೀಕ್ಷೆ ಇರಬೇಕು. ನಿರೀಕ್ಷೆ ಹುಟ್ಟಬೇಕಾದರೆ ಉಳಿದ ಸದ್ದುಗಳು ಒಂದೊಂದಾಗಿ ತಮ್ಮ ಹೊತ್ತಿಗೆ ಸರಿಯಾಗಿ ಬಂದು ಹೋಗಬೇಕು. ಆದ್ದರಿಂದ ಇಂಥ ಆರಂಭದ ಯೋಜನೆಯಲ್ಲಿ ಚಿತ್ರದ ಸಾಲಿನ ಕೆಳಗೆ ಧ್ವನಿಯ ಸಾಲೊಂದು ಅಷ್ಟೇ ಸ್ಫುಟವಾಗಿ ಬರೆದಿರಬೇಕು. ಆ ಸಾಲಿನಲ್ಲಿ ಒಂದು ಮನೆ ಖಾಲಿ ಬಿಟ್ಟಿರಬೇಕು. ಧ್ವನಿಯ ವಿದ್ಯಾರ್ಥಿಯೂ ಸಮಪಾಲುದಾರನಾಗಿರುವ ನಾಲ್ವರ ತಂಡದ ವ್ಯವಸ್ಥೆ ಇಂಥ ಕಥೆಗೆ ಒದಗಿಬಂದದ್ದು ಸಣ್ಣ ಸಂಗತಿಯಲ್ಲ.

ಮೌನವನ್ನು ಹೀಗೆ ಕಟ್ಟುವ ಕ್ರಮಕ್ಕೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಎತ್ತರದ ಬಿಲ್ಲನ್ನು ಏರಿದ ಗೊರವಯ್ಯ ‘ಸದ್ದಲೇ’ ಎಂದು ಕೂಗಿದೊಡನೆ ನೆರೆದ ಅಪಾರ ಜನಸ್ತೋಮ ಮೌನಕ್ಕೆ ಜಾರುತ್ತದೆ. ಅನಂತರ ಒಂದೇ ಒಂದು ವಾಕ್ಯ. ಅದರ ಬೆನ್ನಿಗೇ ಅವನು ಕೆಳಕ್ಕೆ ಬೀಳುತ್ತಾನೆ. ಆ ವಾಕ್ಯದ ಅರ್ಥವನ್ನು ಮಳೆಗೋ ಬೆಳೆಗೋ ರಾಜಕೀಯಕ್ಕೋ ಹೊಂದಿಸುವ ಕೆಲಸ ವರ್ಷವಿಡೀ ನಡೆಯುತ್ತದೆ. ಚಿತ್ರದಲ್ಲಿ ಬರುವ ಭವಿಷ್ಯವಾಣಿಯನ್ನು ಈ ಹಿನ್ನೆಲೆಯಲ್ಲಿ ಓದುವುದು ಉಚಿತ. ಕನ್ನಡ ಪ್ರೇಕ್ಷಕರಿಗೆ ಅದು ಮಾಯಾಲೋಕದ ಅಲಂಕಾರವಲ್ಲ. ವಾಕ್ಯವೊಂದು ಊರಿನ ನಡೆಯನ್ನು ಬದಲಿಸಬಲ್ಲದೆಂಬುದು ಅವರ ಅನುಭವದೊಳಗಿನ ಮಾತು. ಆದರೆ ಒಂದು ವ್ಯತ್ಯಾಸವಿದೆ. ಕಾರಣಿಕವು ಯಾರ ಮೇಲೂ ಬೆರಳು ತೋರುವುದಿಲ್ಲ, ಎಲ್ಲರ ಮೇಲೂ ತೂಗುತ್ತದೆ. ಚಿತ್ರದಲ್ಲಿ ಭವಿಷ್ಯವಾಣಿಯ ಭಾರ ಬೀಳುವುದು ಒಂದೇ ಮನೆಯ ಮೇಲೆ.

ಇಲ್ಲಿಯೇ ಚಿತ್ರದ ಬಗೆಗೆ ಕೇಳಬೇಕಾದ ಗಂಭೀರ ಪ್ರಶ್ನೆಯೊಂದು ಹುಟ್ಟುತ್ತದೆ. ಮೂಲಕಥೆಯ ನಗೆ ಕ್ರೂರವಾಗಿ ಕಂಡರೂ ಅದು ಮುದುಕಿಯನ್ನು ಕೊಲ್ಲುವುದಿಲ್ಲ, ಓಡಿಸುವುದೂ ಇಲ್ಲ. ನಗಿಸಿಕೊಂಡ ಮೇಲೆ ಅವಳು ಊರಿಗೆ ಮರಳುವ ದಾರಿ ತೆರೆದೇ ಇರುತ್ತದೆ. ಅವಳ ಕೋಳಿಗೆ ಶಕ್ತಿಯಿದೆಯೆಂದು ಒಪ್ಪಿಕೊಂಡ ಲೋಕದಲ್ಲಿ ಅವಳು ನಗೆಗೆ ವಸ್ತುವಾಗಿ ಉಳಿಯುವುದಿಲ್ಲ, ಅಪಾಯವಾಗುತ್ತಾಳೆ. ಶಕ್ತಿಯಿದೆಯೆಂದು ಊರು ನಂಬಿದ ಒಂಟಿ ಮುದುಕಿಯರ ಗತಿ ಏನಾಯಿತೆಂಬುದಕ್ಕೆ, ಮಾಟಗಾತಿಯೆಂಬ ಹೆಸರಿನಲ್ಲಿ ನಡೆದ ಹಿಂಸೆಯ ಚರಿತ್ರೆಯೇ ಸಾಕ್ಷಿ. ಕಥೆಯನ್ನು ಜೆ ವಿಭಾಗದಿಂದ ಬಿ ವಿಭಾಗಕ್ಕೆ ಸಾಗಿಸುವುದೆಂದರೆ ಸೂಚಿಯ ಅಂಕೆಗಳನ್ನು ಬದಲಿಸುವುದಷ್ಟೇ ಅಲ್ಲ. ಮುದುಕಿಗಿದ್ದ ರಕ್ಷಣೆಯನ್ನು ಕಳಚಿದಂತೆ. ಬೆಳಕು ಬರಬೇಕಾದರೆ ಒಂದು ಕುಟುಂಬ ಹೊರಗೆ ಹೋಗಬೇಕು ಎಂಬ ಸಮೀಕರಣವನ್ನು ನೋಡುಗರು ಒಂದು ಕ್ಷಣವಾದರೂ ನ್ಯಾಯವೆಂದು ಒಪ್ಪಿಬಿಡುವ ಅಪಾಯ ಇಂಥ ಕಥನದಲ್ಲಿದೆ. ಥ್ರಿಲ್ಲರಿನ ಆರಂಭವನ್ನು ಯೋಜಿಸುವ ವಿದ್ಯಾರ್ಥಿಗಳು ಪರಿಣಾಮವನ್ನಷ್ಟೇ ಲೆಕ್ಕಹಾಕುವುದುಂಟು. ಯಾರನ್ನು ಅಪಾಯವಾಗಿ ತೋರಿಸಿದೆವು ಎಂಬ ಲೆಕ್ಕವನ್ನೂ ಅಲ್ಲಿಯೇ ಇಡಬೇಕು. ಮೊದಲ ಎರಡು ನಿಮಿಷಗಳಲ್ಲಿ ಕ್ಯಾಮರಾ ಯಾರ ಹೆಗಲ ಹಿಂದೆ ನಿಂತಿತ್ತೋ ಅವರ ಪಕ್ಷವನ್ನು ಪ್ರೇಕ್ಷಕರು ಕೊನೆಯವರೆಗೂ ಪೂರ್ತಿಯಾಗಿ ಬಿಡಲಾರರು. ಕಥೆಯನ್ನು ಊರಿನ ಕತ್ತಲೆಯಿಂದ ಆರಂಭಿಸಿದರೆ ಮುದುಕಿ ಅಪರಾಧಿಯಾಗುತ್ತಾಳೆ. ಕಳವಿನಿಂದ, ಕದಿಯುವ ಕೈಯಿಂದ ಆರಂಭಿಸಿದರೆ ಅವಳ ಕಾರಣವನ್ನು ಕೇಳಬೇಕೆನಿಸುತ್ತದೆ. ಕಳವಿನ ಮೇಲೆ ನಿಂತ ಕಥೆಯನ್ನು ನಾಯ್ಕ ಅವರು ಆರಿಸಿಕೊಂಡದ್ದು ಈ ಅರ್ಥದಲ್ಲಿ ತಂತ್ರದ ಆಯ್ಕೆಯಷ್ಟೇ ಅಲ್ಲ, ಮುದುಕಿಯ ಪರವಾಗಿ ಉಳಿದಿರುವ ಒಂದೇ ವಾದವೂ ಹೌದು.

ಜನಪದ ಕಥೆಯಿಂದ ಕಾತರದ ಆರಂಭವನ್ನು ಕಟ್ಟಿದ ಇನ್ನೊಂದು ಪ್ರಯತ್ನವನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸಬಹುದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಕಥೆಗಳನ್ನು ಆಧರಿಸಿದ ಕಾರ್ನಾಡರ ‘ನಾಗಮಂಡಲ’ ನಾಟಕದ ಮೊದಲಿಗೆ ಹಾಳುಗುಡಿಯಲ್ಲಿ ಕುಳಿತ ಒಬ್ಬ ನಾಟಕಕಾರನಿದ್ದಾನೆ. ಆ ರಾತ್ರಿಯಿಡೀ ಎಚ್ಚರವಾಗಿರದಿದ್ದರೆ ಅವನಿಗೆ ಸಾವು. ದೀಪದ ಜ್ವಾಲೆಗಳು ಬಂದು ಹರಟೆ ಹೊಡೆಯುವುದೂ ಕಥೆಯೇ ಹೆಣ್ಣಾಗಿ ಬರುವುದೂ ಅನಂತರ. ಬೆಳಗಾಗುವವರೆಗೆ ಎಂಬ ಗಡುವೊಂದೇ ಅಲ್ಲಿ ಕಾತರವನ್ನು ಹಿಡಿದು ನಿಲ್ಲಿಸಿದೆ. ಆ ನಾಟಕದಲ್ಲಿ ಬೆಳಗು ಬಂದೇ ಬರುತ್ತದೆಂಬ ನಂಬಿಕೆಯ ಮೇಲೆ ಗಡುವು ನಿಂತಿದ್ದರೆ, ನಾಯ್ಕ ಅವರ ಚಿತ್ರದಲ್ಲಿ ಕುಸಿದಿರುವುದು ಆ ನಂಬಿಕೆಯೇ.

ಇಷ್ಟು ಮಾತು ಮೈಸೂರಿನ ಬಾಲ್ಯದಿಂದ ಹೊರಟು ಪುಣೆಯಲ್ಲಿ ರೂಪುಗೊಂಡ ಒಂದು ಚಿತ್ರವನ್ನು ಕುರಿತದ್ದು. ರಾಜ್ಯದ ಉತ್ತರದ ತುದಿಯಾದ ಬೀದರ, ಭಾಲ್ಕಿ, ಔರಾದಗಳ ವಿದ್ಯಾರ್ಥಿಗಳು ಮೊಬೈಲಿನಲ್ಲಿಯೇ ಕಿರುಚಿತ್ರ ತೆಗೆಯಬಹುದಾದ ಈ ಕಾಲದಲ್ಲಿ ಇದನ್ನು ಇಲ್ಲಿಗೆ ಅನ್ವಯಿಸಿ ನೋಡದಿದ್ದರೆ ಚರ್ಚೆ ಅಪೂರ್ಣವಾದೀತು. ಬೀದರಿನಲ್ಲಿ ಭಯದ ಕಥೆಗೆ ಸ್ಥಳ ಹುಡುಕುವವರ ಕಾಲು ತಾನಾಗಿಯೇ ಕೋಟೆಯ ಕಡೆಗೋ ಬರೀದಶಾಹಿ ಗೋರಿಗಳ ಕಡೆಗೋ ನೌಬಾದಿನ ಸುರಂಗಬಾವಿಯ ಕಡೆಗೋ ಹೊರಳುತ್ತದೆ. ಬಹಮನಿ ಕಾಲದ ಆ ನೆಲದಡಿಯ ನೀರಿನ ದಾರಿಯಲ್ಲಿ ಮೇಲಿನ ಬಾವಿಗಂಡಿಗಳಿಂದ ಅಲ್ಲಲ್ಲಿ ಬೆಳಕು ಇಳಿಯುತ್ತದೆ. ಛಾಯಾಗ್ರಾಹಕರಿಗೆ ಅದೊಂದು ಹಬ್ಬ. ಆದರೆ ಸ್ಥಳ ಭಯಂಕರವಾಗಿದ್ದ ಮಾತ್ರಕ್ಕೆ ಕಾತರ ಹುಟ್ಟುವುದಿಲ್ಲ. ಕೋಟೆಯಲ್ಲಿ ಯಾರಾದರೂ ಕಾಣೆಯಾಗಬಹುದೆಂದು ಪ್ರೇಕ್ಷಕರು ಮೊದಲೇ ಸಿದ್ಧರಾಗಿ ಕುಳಿತಿರುತ್ತಾರೆ. ಏನೂ ಆಗಲಾರದೆಂದು ನಂಬಿದ ಅಂಗಳದಲ್ಲಿ ಏನೋ ಆಗುವುದೇ ಮುದುಕಿಯ ಕಥೆಯ ಬಲ.

ಆರಂಭದ ಬಗೆಗೆ ಈ ಸೀಮೆಗೆ ತನ್ನದೇ ಪಾಠಗಳಿವೆ. ತುಳಜಾಪುರದ ಅಂಬಾಭವಾನಿಯ ಒಕ್ಕಲಾದ ಮನೆಗಳಲ್ಲಿ ಗೊಂದಲಿಗರು ನಡೆಸುವ ಗೊಂದಲವು ರಾತ್ರಿಯ ಆಚರಣೆ. ದೀವಟಿಗೆ ಉರಿಯುತ್ತಿರುತ್ತದೆ, ಸಂಬಾಳ ನುಡಿಯುತ್ತಿರುತ್ತದೆ. ಕಥೆ ಕೂಡಲೇ ಆರಂಭವಾಗುವುದಿಲ್ಲ. ಊರೂರಿನ ದೈವಗಳನ್ನು ಹೆಸರು ಹಿಡಿದು ಗೊಂದಲಕ್ಕೆ ಬರುವಂತೆ ಕರೆಯಲಾಗುತ್ತದೆ. ಹೊರನೋಟಕ್ಕೆ ಇದು ಕಾಲಹರಣ. ಒಳಗಿನಿಂದ ನೋಡಿದರೆ ಕಥೆ ನಡೆಯುವ ಜಾಗದ ಎಲ್ಲೆಯನ್ನು ಗುರುತಿಸುವ ಕೆಲಸ. ಯಾರು ಒಳಗಿದ್ದಾರೆ, ಯಾರು ಇನ್ನೂ ಬಂದಿಲ್ಲ ಎಂಬುದು ಕೇಳುಗರಿಗೆ ಸ್ಪಷ್ಟವಾಗುತ್ತದೆ. ಥ್ರಿಲ್ಲರಿನ ಆರಂಭದಲ್ಲಿ ಬಹುಪಾಲು ವಿದ್ಯಾರ್ಥಿಗಳು ಅವಸರದಿಂದ ಬಿಟ್ಟುಬಿಡುವುದು ಇದನ್ನೇ. ಮನೆಯಲ್ಲಿ ಎಷ್ಟು ಜನರಿದ್ದಾರೆಂದು ತಿಳಿಯದ ಪ್ರೇಕ್ಷಕರಿಗೆ, ಒಬ್ಬರು ಕಡಿಮೆಯಾದದ್ದು ಹೇಗೆ ತಿಳಿಯಬೇಕು?

ಬೀದರ ನಗರಕ್ಕೆ ಸೇರಿಕೊಂಡಂತಿರುವ ಕೊಳಾರದಲ್ಲಿ ಈ ಪ್ರಶ್ನೆ ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಕೈಗಾರಿಕಾ ಪ್ರದೇಶ ಬಂದ ಮೇಲೆ ಹುಂಜ ಅಲ್ಲಿನ ಗಡಿಯಾರವಾಗಿ ಉಳಿದಿಲ್ಲ; ಪಾಳಿಯ ಕೆಲಸಕ್ಕೆ ಹೋಗುವವರಿಗೆ ಬೆಳಗು ಯಾವುದೆಂಬುದನ್ನು ಹೇಳುವುದು ಫೋನಿನ ಗಂಟೆ. ಅಲ್ಲಿ ಹುಂಜವನ್ನು ಕದ್ದರೆ ಒಂದು ಮನೆಯ ಜಗಳವಾದೀತೇ ಹೊರತು ಊರಿಗೆ ಕತ್ತಲೆ ಕವಿಯದು. ಹಾಗಾದರೆ ಕದಿಯಬೇಕಾದದ್ದು ಏನನ್ನು? ಕಥೆಯನ್ನು ಆ ನೆಲಕ್ಕೆ ತರುವವರು ಬಿಡಿಸಬೇಕಾದ ಒಗಟು ಇದು. ಇದನ್ನು ಬಿಡಿಸದೆ ಪೆನ್ಸಿಲು ಹಿಡಿದರೆ ಪ್ರಯೋಜನವಿಲ್ಲ. ಬೀದರಿನ ಬೆಳಗಿಗೆ ಒಂದೇ ಸದ್ದಿಲ್ಲ. ಮಸೀದಿಯ ಆಜಾನು, ನಾನಕ್ ಝೀರಾದ ಗುರುದ್ವಾರದ ಕೀರ್ತನೆ, ಗುಡಿಯ ಭಜನೆ, ಮರಾಠಿಯ ಅಭಂಗ, ಕನ್ನಡದ ವಚನ. ವಾಯುಪಡೆಯ ನೆಲೆಯಿಂದ ಮೇಲೇಳುವ ತರಬೇತಿ ವಿಮಾನಗಳ ಮೊರೆತವೂ ಇವುಗಳ ಜೊತೆಗಿದೆ. 1996ರಲ್ಲಿ ರೂಪುಗೊಂಡ ವೈಮಾನಿಕ ಪ್ರದರ್ಶನ ತಂಡಕ್ಕೆ ಇಟ್ಟ ಹೆಸರು ‘ಸೂರ್ಯಕಿರಣ’, ಅದರ ನೆಲೆಯೂ ಬೀದರವೇ. ಇವುಗಳಲ್ಲಿ ಯಾವುದೊಂದು ಸದ್ದು ಒಂದು ದಿನ ಕೇಳಿಬರದಿದ್ದರೂ ಆ ಕೊರತೆಯನ್ನು ಮೊದಲು ಗುರುತಿಸುವವರು ಬೇರೆ ಬೇರೆ. ಗೋಡೆಗೆ ಒರಗಿ ನಿದ್ದೆಯಿಲ್ಲದೆ ಕುಳಿತ ಮುದುಕಿಯೇ, ರಾತ್ರಿಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುವವನೇ, ಹಾಲು ಕರೆಯಲು ಎದ್ದ ಹುಡುಗಿಯೇ, ಇಲ್ಲವೆ ಕೂಗುವವನಿಗೆ ಜೊತೆಗೊಡುತ್ತಿದ್ದ ಬೀದಿಯ ನಾಯಿಯೇ ಎಂಬುದನ್ನು ನಿಶ್ಚಯಿಸಿದ ಮೇಲೆ, ಮೊದಲ ಚೌಕಟ್ಟಿನಲ್ಲಿ ಯಾರ ಮುಖವನ್ನು ಬರೆಯಬೇಕೆಂಬುದು ತಾನಾಗಿ ತಿಳಿಯುತ್ತದೆ.